ಎಡಿಸನ್ನನ ಜಿರಳೆಗಳೂ ನಮ್ಮನೆ ಸೊಳ್ಳೆಗಳೂ

ತುಮಕೂರಿನಲ್ಲಿ ಇಂಜಿನಿಯರಿಂಗ್ ಓದೋವಾಗ ನಾನು ನನ್ನ ಕೈಯಾರೆ ಮಾಡಿದ ಮೊದಲ ಯಂತ್ರ ಅಂದ್ರೆ ಸೊಳ್ಳೆ ಓಡಿಸೋ ಮಿಷನ್ನು. ಸರ್ಕ್ಯೂಟ್ ಸಿಕ್ಕಿದ್ದು ಲೈಬ್ರರಿಯಲ್ಲಿದ್ದ ಒಂದು ಹಳೇ ಇಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ. ಒಂದು 555 ಐಸಿ, ಎರಡು ರೆಸಿಸ್ಟರ್, ಎರಡು ಕೆಪಾಸಿಟರ್, ಒಂದು ಪೀಜೋ ಬಜರ್, 9 ವೋಲ್ಟಿನ ಬ್ಯಾಟರಿ. ಅಷ್ಟೇ. ಶನಿವಾರ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಬಂದು, ಎಸ್.ಪಿ. ರೋಡಿನ ಗಲ್ಲಿ ಗಲ್ಲಿ ಸುತ್ತಿ, ಸಾಮಾನು ಜೇಬಿಗೆ ಹಾಕ್ಕೊಂಡು ಸಂಜೆ ರೈಲಿಗೆ ವಾಪಸ್ಸು. ರಾತ್ರಿಯಿಡೀ ಬೆಸುಗೆ ಹಾಕಿ, ಸೋಪಿನ ಡಬ್ಬಿಯೊಳಗೆ ಕೂರಿಸಿ, ಮಂಚದ ತಲೆದೆಸೆಗೆ ನೇತುಹಾಕಿದೆ. ಮನುಷ್ಯರ ಕಿವಿಗೆ ಕೇಳದ, ಸೊಳ್ಳೆ ಕಿವಿಗೆ ಮಾತ್ರ ಸಿಡಿಲಿನ ಹಾಗೆ ಕೇಳೋ ಶಬ್ದ ಅದರಿಂದ ಬರ್ತಿದೆ ಅಂತ ಇಡೀ ಹಾಸ್ಟೆಲ್ಲಿಗೆ ಭಾಷಣ ಕೊಟ್ಟಿದ್ದೂ ಆಯ್ತು.

ಮೂರನೇ ದಿನ ರೂಮ್‌ಮೇಟು, 'ಬಾರೋ ಇಲ್ಲಿ, ನಿನ್ನ ಸಿಡಿಲು ನೋಡು' ಅಂತ ಕರೆದ. ಸೋಪಿನ ಡಬ್ಬಿ ಮೇಲೆ, ಸರಿಯಾಗಿ ಬಜರಿನ ತೂತಿನ ಪಕ್ಕದಲ್ಲಿ, ಒಂದು ಸೊಳ್ಳೆ ರಕ್ತ ಕುಡಿದು ಹೊಟ್ಟೆ ಕೆಂಪು ಮಾಡ್ಕೊಂಡು ವಿಶ್ರಾಂತಿ ತಗೋತಿತ್ತು.

ಆವತ್ತು ಆದ ಅವಮಾನಕ್ಕೆ ಬಹಳ ವರ್ಷಗಳ ಮೇಲೆ ಒಂದು ಸಮಾಧಾನ ಸಿಕ್ಕಿತು. ಮನೆಯ ಹುಳಹುಪ್ಪಟೆ ಹೊಡೆಯೋದಕ್ಕೆ ಕರೆಂಟು, ತಂತಿ, ಸರ್ಕ್ಯೂಟು ಅಂತ ಒದ್ದಾಡೋ ಈ ಚಪಲ ನನ್ನೊಬ್ಬನದಲ್ಲ. ಇದಕ್ಕೆ ನೂರೈವತ್ತು ವರ್ಷದ ಇತಿಹಾಸ ಇದೆ. ಅದೂ ಎಂಥೆಂಥವರ ಇತಿಹಾಸ ಅಂತೀರಿ!

ಮೊದಲನೆಯ ಹೆಸರು ಥಾಮಸ್ ಆಲ್ವಾ ಎಡಿಸನ್. 1868ರಲ್ಲಿ ಅವನಿಗೆ 21 ವಯಸ್ಸು. ಬಲ್ಬೂ ಇಲ್ಲ, ಫೋನೋಗ್ರಾಫೂ ಇಲ್ಲ, ಹೆಸರೂ ಇಲ್ಲ. ಊರೂರು ಅಲೆದು ಕೆಲಸ ಬದಲಾಯಿಸುತ್ತಾ ಬಾಸ್ಟನ್ನಿನ ವೆಸ್ಟರ್ನ್ ಯೂನಿಯನ್ ಟೆಲಿಗ್ರಾಫ್ ಆಫೀಸಿಗೆ ಬಂದು ಸೇರಿದ್ದ. ರಾತ್ರಿ ಪಾಳಿ. ಈಗ ನಮ್ಮಲ್ಲಿ ನೈಟ್ ಶಿಫ್ಟ್ ಮಾಡೋ ಹುಡುಗರ ಥರಾನೇ ಅನ್ನಿ. ರಾತ್ರಿಯೆಲ್ಲಾ ಟಕಟಕ ಅಂತ ದೂರದ ಊರಿಂದ ಬರೋ ಸುದ್ದಿ ಬರೆದುಕೊಳ್ಳೋದು, ಹಗಲು ನಿದ್ದೆ ಬಿಟ್ಟು ತನ್ನ ಸ್ವಂತ ಪ್ರಯೋಗ ಮಾಡೋದು. ಆ ಆಫೀಸು ಮೊದಲು ಹೋಟೆಲ್ ಇದ್ದ ಜಾಗ. ಹೋಟೆಲಿನವರು ಖಾಲಿ ಮಾಡಿಕೊಂಡು ಹೋದರೂ ಅವರ ಜಿರಳೆಗಳು ಖಾಲಿ ಮಾಡಿರಲಿಲ್ಲ. ನಡುರಾತ್ರಿ ಹುಡುಗರು ತಿಂಡಿ ಪೊಟ್ಟಣ ಬಿಚ್ಚಿದರೆ ಸಾಕು, ಗೋಡೆಯಿಂದ ಸಾಲುಗಟ್ಟಿ ಇಳಿದು ಬರ್ತಿದ್ದವು.

ಎಡಿಸನ್ ಏನು ಮಾಡಿದ ಅಂದ್ರೆ, ತನ್ನ ಮೇಜಿನ ಪಕ್ಕದ ಗೋಡೆಗೆ ತವರದ ಹಾಳೆಯ ಎರಡು ಪಟ್ಟಿ ಅಂಟಿಸಿದ. ಎರಡರ ನಡುವೆ ಸಣ್ಣ ಸಂದು. ಟೆಲಿಗ್ರಾಫ್ ತಂತಿಗೆ ಕರೆಂಟು ಕೊಡೋ ದೊಡ್ಡ ಬ್ಯಾಟರಿಯ ಒಂದು ತುದಿಯನ್ನ ಒಂದು ಪಟ್ಟಿಗೆ, ಇನ್ನೊಂದು ತುದಿಯನ್ನ ಇನ್ನೊಂದಕ್ಕೆ ಜೋಡಿಸಿದ. ಜಿರಳೆ ಗೋಡೆ ಹತ್ತುತ್ತಾ ಮುಂಗಾಲು ಆ ಪಟ್ಟಿ ಮೇಲೆ, ಹಿಂಗಾಲು ಈ ಪಟ್ಟಿ ಮೇಲೆ ಇಟ್ಟ ಕ್ಷಣ ಸರ್ಕ್ಯೂಟು ಪೂರ್ತಿ. ಒಂದು ಮಿಂಚು, ಜಿರಳೆ ಹೊಗೆ. ಸ್ವಿಚ್ಚನ್ನ ಜಿರಳೆಯೇ ಒತ್ತೋ ಹಾಗೆ ಮಾಡಿದ್ದು ನೋಡಿ, ಅದೇ ಇದರ ಸೊಗಸು. ಮುಂದೆ ಬಂದ ಹುಳ ಹೊಡೆಯೋ ಕರೆಂಟಿನ ಯಂತ್ರಗಳೆಲ್ಲಾ ಇದನ್ನೇ ಬೇರೆ ಬೇರೆ ವೇಷದಲ್ಲಿ ಮಾಡಿರೋದು.

ಆದರೆ ಕತೆ ಮುಗಿದಿದ್ದು ನಮ್ಮ ಆಫೀಸುಗಳಲ್ಲಿ ಮುಗಿಯೋ ಹಾಗೇ. ಸಂಜೆ ಪೇಪರಿನವರು ಈ ಯಂತ್ರದ ಬಗ್ಗೆ ಅರ್ಧ ಕಾಲಂ ಬರೆದುಬಿಟ್ಟರು. ಮ್ಯಾನೇಜರಿಗೆ ಮುಜುಗರ ಆಗಿ, ಇದೆಲ್ಲಾ ನಿಲ್ಲಿಸಪ್ಪಾ ಅಂದ. ಜಿರಳೆ ಇದ್ದರೆ ಪರವಾಗಿಲ್ಲ, ಜಿರಳೆ ಇದೆ ಅಂತ ಪೇಪರಿನಲ್ಲಿ ಬರಬಾರದು! 1869ರ ಜನವರಿಯಲ್ಲಿ ಎಡಿಸನ್ ಆ ಕೆಲಸವನ್ನೇ ಬಿಟ್ಟ. ಜಿರಳೆ ಕಾರಣಕ್ಕಲ್ಲ, ಪೂರ್ತಿ ಹೊತ್ತು ಸಂಶೋಧನೆಗೆ ಇಳಿಯೋಕೆ. ನನಗೆ ಮಾತ್ರ ಆ ಮ್ಯಾನೇಜರಿನ ಕೈಯೂ ಸ್ವಲ್ಪ ಇದ್ದಿರಬಹುದು ಅಂತ ಅನುಮಾನ.

ಎಡಿಸನ್ ಮಾಡಿದ್ದನ್ನ ತಿಗಣೆಗೆ ಹೊಂದಿಸಿ ಮಂಚಕ್ಕೇ ತಂತಿ ಸುತ್ತೋ ಯಂತ್ರಕ್ಕೆ 1898ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆಯ್ತು. ಮಲಗೋ ಮಂಚಕ್ಕೆ ಕರೆಂಟು! ನಮ್ಮ ಅಜ್ಜಿ ಮಂಚವನ್ನ ಅಂಗಳಕ್ಕೆ ಹಾಕಿ, ಸಂದಿಗೆ ಕುದಿಯೋ ನೀರು ಹುಯ್ದು, ಬಿಸಿಲಿಗೆ ಒಣಗಿಸ್ತಿದ್ದದ್ದೇ ಎಷ್ಟೋ ವಾಸಿ ಅನ್ನಿಸುತ್ತೆ. 1911ರ ಅಕ್ಟೋಬರಿನ 'ಪಾಪ್ಯುಲರ್ ಮೆಕ್ಯಾನಿಕ್ಸ್' ಪತ್ರಿಕೆಯಲ್ಲಿ ಡೆನ್ವರ್ ಊರಿನ ಇಬ್ಬರು ಮಾಡಿದ ನೊಣದ ಬೋನಿನ ವರದಿ ಇದೆ. ಅವರ ಹೆಸರನ್ನೂ ಪತ್ರಿಕೆ ಕೊಟ್ಟಿಲ್ಲ, ಪಾಪ. 10 ಇಂಚು ಅಗಲ, 15 ಇಂಚು ಉದ್ದದ ಚೌಕಟ್ಟು, ಒಳಗೆ ಐದು ಬಲ್ಬು, ಸುತ್ತ ಒತ್ತೊತ್ತಾಗಿ ಎಳೆದ ತಂತಿ, ತಂತಿಗೆ 450 ವೋಲ್ಟು, ನೊಣವನ್ನ ಕರೆಯೋಕೆ ಒಳಗೊಂದು ಮಾಂಸದ ತುಂಡು. ಈಗಿನ ಬೇಕರಿ, ಹೋಟೆಲುಗಳಲ್ಲಿ ನೀಲಿ ಬೆಳಕು ಚೆಲ್ಲುತ್ತಾ ಆಗಾಗ ಚಟ್ ಅನ್ನೋ ಡಬ್ಬ ಇರುತ್ತಲ್ಲ, ಅದರ ಮುತ್ತಾತ ಇದೇ. ಖರ್ಚು ಜಾಸ್ತಿ, ಮನೆಬಳಕೆಗೆ ಆಗಲ್ಲ ಅಂತ ಆಗ ತಳ್ಳಿಹಾಕಿದರು. ಬೆಂಗಳೂರಿನ ಬೀದಿಗೆ ಕರೆಂಟಿನ ದೀಪ ಬಂದು ಆಗಿನ್ನೂ ಆರು ವರ್ಷ ಅನ್ನೋದನ್ನ ನೆನಪಿಟ್ಟುಕೊಂಡರೆ ಈ ಇಬ್ಬರು ಎಷ್ಟು ಮುಂದಿದ್ದರು ಅಂತ ತಿಳಿಯುತ್ತೆ. 1930ರ ದಶಕದಲ್ಲಿ ಆ ಡಬ್ಬಕ್ಕೆ ಪೇಟೆಂಟೂ ಬಂತು, ಮಾರುಕಟ್ಟೆಗೂ ಬಂತು.

ಆ ಚಟ್ ಶಬ್ದದಲ್ಲಿ ಏನೋ ಒಂದು ಮಜಾ ಇದೆ. ಪ್ರತಿ ಚಟ್‌ಗೂ ಒಂದು ಸೊಳ್ಳೆ ಸತ್ತಿತು ಅಂತ ಮನಸ್ಸು ಲೆಕ್ಕ ಹಾಕ್ಕೊಳ್ಳುತ್ತೆ. ನಿಜವಾದ ಲೆಕ್ಕ ಹಾಕಿದ್ದು ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಫ್ರಿಕ್ ಮತ್ತು ಟ್ಯಾಲಮಿ ಅನ್ನೋ ಇಬ್ಬರು. ಮನೆಗಳ ಹಿತ್ತಲಲ್ಲಿ ಇಂಥ ಡಬ್ಬ ನೇತುಹಾಕಿ, ಒಂದು ಬೇಸಿಗೆಯಿಡೀ ಬಿದ್ದ ಹೆಣಗಳನ್ನ ಒಂದೊಂದಾಗಿ ಎಣಿಸಿದರು. ಒಟ್ಟು 13,789 ಹುಳ. ಅದರಲ್ಲಿ ಮನುಷ್ಯರನ್ನ ಕಚ್ಚೋ ಜಾತಿಯವು 31. ಉಳಿದವೆಲ್ಲಾ ಪತಂಗ, ದುಂಬಿ, ಕೆರೆ ಹುಳ, ಬೆಳೆಗೆ ಉಪಕಾರ ಮಾಡೋ ಜೀವಿಗಳು. ಇದು 1996ರಲ್ಲಿ ಅಚ್ಚಾಯ್ತು. ಕಾರಣ ಸರಳ: ಕಚ್ಚೋ ಸೊಳ್ಳೆ ಹುಡುಕೋದು ಬೆಳಕನ್ನಲ್ಲ, ನಮ್ಮನ್ನ. ನಾವು ಬಿಡೋ ಉಸಿರಿನ ಇಂಗಾಲದ ಡೈಆಕ್ಸೈಡು, ಮೈ ಬಿಸಿ, ಬೆವರಿನ ವಾಸನೆ. ಡಬ್ಬದ ಕೆಳಗೆ ಕುರ್ಚಿ ಹಾಕ್ಕೊಂಡು ಕೂತವನನ್ನ ಬಿಟ್ಟು ಡಬ್ಬಕ್ಕೆ ಹೋಗೋದಕ್ಕೆ ಸೊಳ್ಳೆಗೇನು ಹುಚ್ಚೇ?

ಇನ್ನು ಶಬ್ದದ ಕತೆಗೆ ಬರ್ತೀನಿ, ನನ್ನ ಸೋಪಿನ ಡಬ್ಬಿಯ ವಂಶವೃಕ್ಷ ಇರೋದು ಅಲ್ಲೇ.

ಸೊಳ್ಳೆಗೆ ಕಿವಿ ಇದೆಯಾ? ಇದೆ, ಮೀಸೆಯಲ್ಲಿ. ಬಾಲ್ಟಿಮೋರಿನ ಕ್ರಿಸ್ಟೋಫರ್ ಜಾನ್‌ಸ್ಟನ್ ಅನ್ನೋ ವೈದ್ಯ 1855ರಲ್ಲಿ ಸೊಳ್ಳೆಯ ಮೀಸೆಯ ಬುಡದಲ್ಲಿರೋ ಅಂಗ ಕೇಳೋದಕ್ಕೇ ಇರೋದು ಅಂತ ಬರೆದ. 1874ರಲ್ಲಿ ಆಲ್ಫ್ರೆಡ್ ಮೇಯರ್ ಅನ್ನೋ ಭೌತಶಾಸ್ತ್ರಜ್ಞ ಒಂದು ಗಂಡು ಸೊಳ್ಳೆಯನ್ನ ಗಾಜಿನ ಪಟ್ಟಿಗೆ ಅಂಟಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಪಕ್ಕದಲ್ಲಿ ಒಂದೊಂದೇ ಶ್ರುತಿಕವೆ ಬಾರಿಸುತ್ತಾ ಹೋದ. ಸೆಕೆಂಡಿಗೆ 512 ಸಲ ಕಂಪಿಸೋ ಕವೆ ಬಾರಿಸಿದಾಗ ಮೀಸೆಯ ಕೆಲವು ಕೂದಲು ಜೋರಾಗಿ ಅಲುಗಾಡಿದವು. ಹೆಣ್ಣು ಸೊಳ್ಳೆ ಹಾರೋವಾಗ ರೆಕ್ಕೆಯಿಂದ ಬರೋ ಗುಂಯ್ ಶ್ರುತಿಯೂ ಹೆಚ್ಚುಕಡಿಮೆ ಆ ಆಸುಪಾಸಿನದ್ದೇ. ಅಂದ್ರೆ ಮಧ್ಯರಾತ್ರಿ ನಮ್ಮ ಕಿವಿಯ ಹತ್ತಿರ ಬಂದು ನಮ್ಮ ನಿದ್ದೆ ಕೆಡಿಸೋ ಸಂಗೀತ ಗಂಡು ಸೊಳ್ಳೆಗೆ ಪ್ರೇಮಗೀತೆ.

1878ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾರಟೋಗ ಸ್ಪ್ರಿಂಗ್ಸ್‌ನ ಗ್ರ್ಯಾಂಡ್ ಯೂನಿಯನ್ ಅನ್ನೋ ಹೋಟೆಲಿಗೆ ಕರೆಂಟಿನ ದೀಪ ಹಾಕೋಕೆ ಹೈರಮ್ ಮ್ಯಾಕ್ಸಿಮ್ ಅನ್ನೋ ಇಂಜಿನಿಯರ್ ಬಂದ. ಸಂಜೆ ಯಂತ್ರ ಶುರುವಾದಾಗ ಗುಂಯ್ ಅನ್ನೋ ಒಂದು ಪೆಟ್ಟಿಗೆಗೆ ಮಾತ್ರ ರಾಶಿ ರಾಶಿ ಸೊಳ್ಳೆ ಮುತ್ತಿಕೊಳ್ಳೋದು ಅವನ ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ನೋಡಿದರೆ ಎಲ್ಲವೂ ಗಂಡು, ಹೆಣ್ಣು ಒಂದೂ ಇಲ್ಲ. ಪೆಟ್ಟಿಗೆಯ ಶ್ರುತಿ ಹೆಣ್ಣಿನ ರೆಕ್ಕೆಯ ಶ್ರುತಿಗೆ ಕೂಡಿಬಿಟ್ಟಿತ್ತು. ಇದನ್ನ ಒಂದು ವಿಜ್ಞಾನ ಪತ್ರಿಕೆಗೆ ಬರೆದರೆ ಸಂಪಾದಕರಿಗೆ ಅದು ತಮಾಷೆಯಾಗಿ ಕಂಡಿತು. 1901ರಲ್ಲಿ ಲಂಡನ್ನಿನ 'ದಿ ಟೈಮ್ಸ್'ಗೆ ಪತ್ರ ಬರೆದು ಹಳೇ ಕತೆ ಹೇಳೋ ಹೊತ್ತಿಗೆ ಅವನು ಜಗತ್ಪ್ರಸಿದ್ಧ. ಸೊಳ್ಳೆಯಿಂದಲ್ಲ ಬಿಡಿ, ಮ್ಯಾಕ್ಸಿಮ್ ಮೆಷಿನ್‌ಗನ್ನಿನಿಂದ. ಸೊಳ್ಳೆ ಕೊಲ್ಲೋ ಉಪಾಯಕ್ಕೆ ಯಾರೂ ಕಿವಿಗೊಡಲಿಲ್ಲ, ಮನುಷ್ಯರನ್ನ ಕೊಲ್ಲೋ ಉಪಾಯಕ್ಕೆ ದೇಶ ದೇಶಗಳು ಸಾಲು ನಿಂತವು. 1949ರಲ್ಲಿ ಕಾನ್ ಮತ್ತು ಆಫನ್‌ಹೌಸರ್ ಅನ್ನೋ ಇಬ್ಬರು ಕ್ಯೂಬಾದ ಜೌಗಿನಲ್ಲಿ ಹೆಣ್ಣು ಸೊಳ್ಳೆಯ ಧ್ವನಿಯನ್ನ ರೆಕಾರ್ಡ್ ಮಾಡಿ, ಲೌಡ್‌ಸ್ಪೀಕರಿನಲ್ಲಿ ಹಾಕಿ, ಬಂದ ಗಂಡುಗಳನ್ನ ಕರೆಂಟಿನ ಜಾಲರಿಗೆ ಬೀಳಿಸಿದ್ದೂ ಉಂಟು.

ಇಲ್ಲಿ ಗಮನಿಸಬೇಕಾದ್ದು ಇಷ್ಟು. ಶಬ್ದದಿಂದ ಗಂಡು ಸೊಳ್ಳೆಯನ್ನ ಕರೆಯಬಹುದು ಅನ್ನೋದಕ್ಕೆ ಆಧಾರ ಇದೆ. ಶಬ್ದದಿಂದ ಹೆಣ್ಣನ್ನ ಓಡಿಸಬಹುದು ಅನ್ನೋದು ಬೇರೆಯೇ ಮಾತು. ಕಚ್ಚೋದು ಹೆಣ್ಣು ಮಾತ್ರ. ಈ ಎರಡೂ ಮಾತು ಯಾವಾಗಲೋ ಕಲಸಿಹೋದವು. ಸಿಗ್ನೆಟಿಕ್ಸ್ ಕಂಪನಿಗೆ ಹ್ಯಾನ್ಸ್ ಕ್ಯಾಮೆನ್‌ಜಿಂಡ್ ವಿನ್ಯಾಸ ಮಾಡಿದ 555 ಐಸಿ 1972ರಲ್ಲಿ ಮಾರುಕಟ್ಟೆಗೆ ಬಂದಮೇಲಂತೂ ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಯಾವ ಶ್ರುತಿ ಬೇಕಾದರೂ ಹುಟ್ಟಿಸಬಹುದಾಯ್ತು. ಬಾವಲಿಯ ಶಬ್ದ ಅಂದುಕೊಂಡು ಸೊಳ್ಳೆ ಹೆದರುತ್ತೆ ಅಂತ ಒಬ್ಬ, ಗಂಡಿನ ಶಬ್ದ ಕೇಳಿ ಬಸುರಿ ಸೊಳ್ಳೆ ದೂರ ಹೋಗುತ್ತೆ ಅಂತ ಇನ್ನೊಬ್ಬ. ಗಂಡಿನ ರೆಕ್ಕೆಯ ಶಬ್ದ ನಮ್ಮ ಕಿವಿಗೇ ಕೇಳುತ್ತೆ, 20,000 ಹರ್ಟ್ಸ್ ದಾಟಿದ ಶಬ್ದಕ್ಕೂ ಅದಕ್ಕೂ ಎತ್ತಣ ಸಂಬಂಧ ಅಂತ ನಾನೂ ಕೇಳಲಿಲ್ಲ, ನನ್ನ ಹಾಸ್ಟೆಲಿನವರೂ ಕೇಳಲಿಲ್ಲ. ಅಮೆರಿಕದ ವ್ಯಾಪಾರ ಆಯೋಗ 2001ರಲ್ಲಿ ಇಂಥ ಯಂತ್ರ ಮಾಡೋ, ಮಾರೋ 60ಕ್ಕೂ ಹೆಚ್ಚು ಕಂಪನಿಗಳಿಗೆ, ಪುರಾವೆ ಇಲ್ಲದೆ ಜಾಹೀರಾತು ಮಾಡಬೇಡಿ ಅಂತ ಎಚ್ಚರಿಕೆ ಪತ್ರ ಕಳಿಸಿತು. 2007ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಬೇರೆ ಬೇರೆ ಕಡೆ ನಡೆದ ಹತ್ತು ಕ್ಷೇತ್ರ ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದರು. ಯಂತ್ರ ಹಾಕಿದರೂ ಅಷ್ಟೇ, ಆರಿಸಿದರೂ ಅಷ್ಟೇ, ಮೈಮೇಲೆ ಕೂರೋ ಸೊಳ್ಳೆಯಲ್ಲಿ ಒಂದರಲ್ಲೂ ವ್ಯತ್ಯಾಸ ಇಲ್ಲ. ಸೋಪಿನ ಡಬ್ಬಿ ಮೇಲಿನ ಆ ಸೊಳ್ಳೆ ನನಗೆ ಅದನ್ನೇ ಮುಂಚೆ ಹೇಳಿತ್ತು. ಇವತ್ತಿಗೂ ಮೊಬೈಲಿಗೆ 'ಸೊಳ್ಳೆ ಓಡಿಸೋ ಆಪ್' ಹಾಕ್ಕೊಳ್ಳೋ ಇಂಜಿನಿಯರುಗಳನ್ನ ನಾನು ನೋಡಿದ್ದೀನಿ.

ಸೊಳ್ಳೆ ಬ್ಯಾಟಿನ ವಿಷಯ ಬೇರೆ. ತೈವಾನಿನ ತ್ಸಾವ್-ಇ ಶಿಹ್ ಅನ್ನೋರಿಗೆ 1996ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕ ಈ ವಸ್ತು, ನನ್ನ ಮಟ್ಟಿಗೆ, ಈ ಇಡೀ ಇತಿಹಾಸದಲ್ಲಿ ಹೇಳಿದ ಕೆಲಸ ಮಾಡೋ ಒಂದೇ ಒಂದು ಯಂತ್ರ. ಬಿಚ್ಚಿ ನೋಡಿ (ಕೆಪಾಸಿಟರಿನ ಎರಡು ಕಾಲನ್ನ ಸ್ಕ್ರೂಡ್ರೈವರಿನಿಂದ ತಾಗಿಸಿ ಖಾಲಿ ಮಾಡಿದ ಮೇಲೆ, ಇಲ್ಲಾಂದ್ರೆ ಕೈ ಜುಂ ಅನ್ನುತ್ತೆ): ಸಣ್ಣ ಬ್ಯಾಟರಿಯ ವೋಲ್ಟೇಜನ್ನ ಆಸಿಲೇಟರ್, ಟ್ರಾನ್ಸ್‌ಫಾರ್ಮರ್, ಡಯೋಡ್‌ಗಳ ಸಾಲು ಸೇರಿ ಸಾವಿರಗಟ್ಟಲೆ ವೋಲ್ಟಿಗೆ ಏರಿಸುತ್ತವೆ. ಜಾಲರಿ ಎಡಿಸನ್ನನ ತವರದ ಪಟ್ಟಿಯೇ. ಏನು ವ್ಯತ್ಯಾಸ ಅಂದ್ರೆ, ಇಲ್ಲಿ ಹುಳ ಬರಲಿ ಅಂತ ಕಾಯಲ್ಲ, ಪಟ್ಟಿಯನ್ನೇ ಹುಳದ ಹತ್ತಿರ ಬೀಸ್ತೀವಿ. ಕಣ್ಣು, ಕೈ, ಸಿಟ್ಟು ಮೂರೂ ನಮ್ಮದೇ.

ಆ ಕಣ್ಣನ್ನೂ ಯಂತ್ರಕ್ಕೆ ಕೊಡೋಕೆ ಹೊರಟವರು ಮೈಕ್ರೋಸಾಫ್ಟಿನಲ್ಲಿದ್ದ ನೇಥನ್ ಮೀರ್‌ವೋಲ್ಡ್ ಕಡೆಯವರು. ಮಲೇರಿಯಾಕ್ಕೆ ಏನಾದರೂ ಹೊಸ ದಾರಿ ಹುಡುಕು ಅಂತ ಬಿಲ್ ಗೇಟ್ಸ್ ಕೇಳಿದ್ದ. ಅವರ ಗುಂಪಿನಲ್ಲಿ ಲೋವೆಲ್ ವುಡ್ ಅನ್ನೋ ವಿಜ್ಞಾನಿ ಇದ್ದ. ರೇಗನ್ ಕಾಲದಲ್ಲಿ ರಷ್ಯಾದ ಕ್ಷಿಪಣಿಗಳನ್ನ ಆಕಾಶದಲ್ಲೇ ಹೊಡೆಯೋ 'ಸ್ಟಾರ್ ವಾರ್ಸ್' ಯೋಜನೆಯಲ್ಲಿ ದುಡಿದವನು. ಕ್ಷಿಪಣಿ ಸಿಗಲಿಲ್ಲ, ಸೊಳ್ಳೆನಾದ್ರೂ ಹೊಡೆಯೋಣ ಅಂದ. ಬ್ಲೂ-ರೇ ಡ್ರೈವಿನ ಲೇಸರ್, ಹಳೇ ಪ್ರಿಂಟರಿನ ಭಾಗ, ಇಬೇಯಲ್ಲಿ ಕೊಂಡ ಸಾಮಾನು ಸೇರಿಸಿ ಯಂತ್ರ ಕಟ್ಟಿ, 2010ರ ಟೆಡ್ ಸಮ್ಮೇಳನದಲ್ಲಿ ತೋರಿಸಿದರು. ರೆಕ್ಕೆ ಬಡಿತದ ವೇಗದಿಂದ ಹೆಣ್ಣೋ ಗಂಡೋ ಅಂತ ಗುರುತಿಸಿ, ಹೆಣ್ಣಾದರೆ ಮಾತ್ರ ಲೇಸರು. ಮೇಯರನ ಶ್ರುತಿಕವೆ ಎಲ್ಲಿಗೆ ಬಂತು ನೋಡಿ. 2022ರಲ್ಲಿ ಇಲ್ದಾರ್ ರಖ್ಮತುಲಿನ್ ಅನ್ನೋ ಸಂಶೋಧಕ ಅಂಗೈಯಗಲದ ಜೆಟ್ಸನ್ ನ್ಯಾನೋ ಕಂಪ್ಯೂಟರಿಗೆ ಕ್ಯಾಮೆರಾ, ಲೇಸರ್ ಹಚ್ಚಿ ಜಿರಳೆ ಹೊಡೆದು ತೋರಿಸಿದ. ಖರ್ಚು ಸುಮಾರು 250 ಡಾಲರ್. ಜೊತೆಗೆ ಅವನೇ, ದಯವಿಟ್ಟು ಮನೆಯಲ್ಲಿ ಇಡಬೇಡಿ, ಕಣ್ಣು ಹೋಗುತ್ತೆ ಅಂತಲೂ ಹೇಳಿದ. ಜಿರಳೆಯಿಂದ ಶುರುವಾಗಿ ಜಿರಳೆಗೇ ವಾಪಸ್ಸು.

ಇಷ್ಟೆಲ್ಲಾ ಓದಿಕೊಂಡೂ ನಾನು ಬುದ್ಧಿ ಕಲಿತೆ ಅಂದ್ಕೋಬೇಡಿ. ಬನಶಂಕರಿಯಲ್ಲಿ ಮನೆ ಮಾಡಿದ ಮೇಲೆ ಊರಿಂದ ಅಮ್ಮ, ತಮ್ಮ ಬಂದು ಜೊತೆಗಿದ್ದರು. ಅಮ್ಮನಿಗೆ ಉಬ್ಬಸ. ಕಾಯಿಲ್ ಹೊಗೆ ಆಗಲ್ಲ, ಲಿಕ್ವಿಡ್ ವಾಸನೆಯೂ ಆಗಲ್ಲ. ನಾನಿದ್ದೀನಲ್ಲ! ಬಕೆಟ್ಟಿಗೆ ಹಳೇ ಕಂಪ್ಯೂಟರಿನ ಫ್ಯಾನು, ಸುತ್ತ ನೇರಳೆ ಎಲ್‌ಇಡಿ, ಕೆಳಗೆ ಬಲೆ, ಒಳಗೊಂದು ಆರ್ಡುಯಿನೋ. ಹುಳ ಬಿದ್ದಾಗೆಲ್ಲಾ ಎಣಿಸಿ ಬೆಳಗ್ಗೆ ಮೊಬೈಲಿಗೆ ಲೆಕ್ಕ ಕಳಿಸೋದು. ಕತ್ತಲಾದ ಕೂಡಲೇ ತಾನೇ ಆನ್, ಬೆಳಗಾದರೆ ತಾನೇ ಆಫ್. ಆಫೀಸಿನಲ್ಲಿ ಸಹೋದ್ಯೋಗಿಗಳಿಗೆ ಗ್ರಾಫ್ ತೋರಿಸಿ ಬೀಗಿದ್ದೂ ಉಂಟು.

ಆ ಮಳೆಗಾಲದಲ್ಲಿ ತಮ್ಮನಿಗೆ ಜ್ವರ ಬಂತು. ಮೂರನೇ ದಿನ ಕಣ್ಣಿನ ಹಿಂದೆ ನೋವು ಅಂದ. ಡೆಂಗ್ಯೂ. ಪ್ಲೇಟ್‌ಲೆಟ್ 28,000ಕ್ಕೆ ಇಳಿದು ಆರು ದಿನ ಆಸ್ಪತ್ರೆಯಲ್ಲಿದ್ದ. ಒಂದು ರಾತ್ರಿ ವಸಡಿನಿಂದ ರಕ್ತ ಬಂದಾಗ ಅಮ್ಮ ನನ್ನ ಮುಖ ನೋಡಲಿಲ್ಲ, ನಾನೂ ಅಮ್ಮನ ಮುಖ ನೋಡಲಿಲ್ಲ. ಬಟ್ಟೆ ತರೋಕೆ ಮನೆಗೆ ಬಂದವನು ಬಕೆಟ್ಟಿನ ಬಲೆಯನ್ನ ಬಿಳಿ ಹಾಳೆ ಮೇಲೆ ಕೊಡವಿದೆ. ಒಂದು ಹಿಡಿಯಷ್ಟು ಸಣ್ಣ ಪತಂಗ, ಮಳೆಹುಳ. ಸೊಳ್ಳೆ ನಾಲ್ಕು. ಡೆಲವೇರಿನವರ ಲೆಕ್ಕ ಗೊತ್ತಿದ್ದೂ ಗ್ರಾಫಿನಲ್ಲಿ ಏರ್ತಿದ್ದದ್ದೆಲ್ಲಾ ಸೊಳ್ಳೆ ಅಂತ ನಂಬಿದ್ದೆ.

ತಮ್ಮ ಚೇತರಿಸಿಕೊಂಡು ಮನೆಗೆ ಬಂದಮೇಲೆ ಅಮ್ಮ ಹೇಳಿದ್ದು ಒಂದೇ ಮಾತು. 'ನಿನ್ನ ಮಿಷನ್ನು ರಾತ್ರಿಯೆಲ್ಲಾ ಕಾವಲು ಕಾಯ್ತಿತ್ತಲ್ಲಪ್ಪಾ, ಅದಕ್ಕೇ ಅದು ಹಗಲೊತ್ತು ಬಂತು.' ಡೆಂಗ್ಯೂ ಹರಡೋ ಈಡಿಸ್ ಸೊಳ್ಳೆ ಕಚ್ಚೋದು ಹಗಲಲ್ಲೇ ಅಂತ ಅಮ್ಮ ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಆಸ್ಪತ್ರೆ ಗೋಡೆ ಮೇಲಿನ ಚಾರ್ಟಿನಲ್ಲಿ ಓದಿದ್ದರು.

ಮಾರನೇ ವಾರ ಲಾರ್ವಾ ನೋಡೋಕೆ ಒಬ್ಬರು ಆರೋಗ್ಯ ಕಾರ್ಯಕರ್ತೆ ಬಂದರು. ಹೂಕುಂಡದ ತಟ್ಟೆ, ಸಂಪು, ಬಚ್ಚಲು ಎಲ್ಲಾ ನೋಡಿ ಅಡುಗೆಮನೆಗೆ ಬಂದು, 'ಸಾರ್, ಫ್ರಿಜ್ಜು ಒಂಚೂರು ಮುಂದಕ್ಕೆ ಎಳೀರಿ' ಅಂದರು. ಹಿಂದುಗಡೆ, ಕೆಳಗೆ, ನೀರು ತೊಟ್ಟಿಕ್ಕೋ ಒಂದು ಟ್ರೇ ಇರುತ್ತೆ. ಎಷ್ಟೋ ವರ್ಷದಿಂದ ಅದು ನಮ್ಮನೆಯಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಮೊಬೈಲ್ ಟಾರ್ಚ್ ಬಿಟ್ಟರೆ ಹುಳಗಳು ಡೊಂಕು ಡೊಂಕಾಗಿ ಕುಣೀತಿದ್ದವು. ಬಕೆಟ್ಟಿನ ಯಂತ್ರಕ್ಕೂ ಅದಕ್ಕೂ ಆರಡಿ ದೂರ.

ಈಗ ಒಂದು ಹಳೇ ಕತೆ. 1883ರಲ್ಲಿ ರೊನಾಲ್ಡ್ ರಾಸ್ ಅನ್ನೋ 26 ವರ್ಷದ ಮಿಲಿಟರಿ ಡಾಕ್ಟರು ಬೆಂಗಳೂರಿಗೆ ಬಂದ. ಅವನಿಗೆ ಕೊಟ್ಟ ಬಂಗಲೆ ಚೆನ್ನಾಗೇ ಇತ್ತು, ಸೊಳ್ಳೆ ಕಾಟ ಒಂದು ಬಿಟ್ಟು. ಯಾಕೆ ತನ್ನ ಕೋಣೆಯಲ್ಲೇ ಇಷ್ಟು ಅಂತ ಹುಡುಕಿದರೆ ಕಿಟಕಿಯ ಹೊರಗೆ ಒಂದು ತೊಟ್ಟಿ, ನೀರು ತುಂಬಾ ಮರಿಗಳು. ತೊಟ್ಟಿ ಬೋರಲು ಹಾಕಿದ. ಸೊಳ್ಳೆ ಬಹುಪಾಲು ನಿಂತೇ ಹೋದವು. ಖುಷಿಯಾಗಿ, ಮೆಸ್ಸಿನ ಸುತ್ತ ನಿಂತ ನೀರನ್ನೂ ಹೀಗೇ ತೆಗೆಸೋಣ ಅಂತ ಅಲ್ಲಿದ್ದ ಅಡ್ಜುಟೆಂಟ್ ಹತ್ತಿರ ಹೋಗಿ ಹೇಳಿದರೆ ಅವನು ಒಪ್ಪಲಿಲ್ಲ. ಸೊಳ್ಳೆಯನ್ನ ಸೃಷ್ಟಿ ಮಾಡಿರೋದಕ್ಕೆ ಏನೋ ಉದ್ದೇಶ ಇರುತ್ತೆ, ನಾವು ಸಹಿಸ್ಕೋಬೇಕು ಅನ್ನೋದು ಅವನ ವಾದ. ರಾಸ್ ತನ್ನ ಆತ್ಮಕತೆಯಲ್ಲಿ ಇದನ್ನೆಲ್ಲಾ ಬರೆದಿದ್ದಾನೆ. ಸೊಳ್ಳೆಗೂ ಮಲೇರಿಯಾಕ್ಕೂ ಇರೋ ನಂಟು ಆಗ ಅವನಿಗೂ ಗೊತ್ತಿರಲಿಲ್ಲ. ಅದು ಸಿಕ್ಕಿದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. 1902ರಲ್ಲಿ ನೊಬೆಲ್ ಬಂತು.

ಫ್ರಿಜ್ಜಿನ ಟ್ರೇಯನ್ನ ಆ ಹೆಣ್ಣುಮಗಳೇ ಎಳೆದು ಬಚ್ಚಲಿಗೆ ಸುರಿದರು. 'ಬರೀ ಚೆಲ್ಲಿದ್ರೆ ಸಾಲದು ಸಾರ್, ಉಜ್ಜಬೇಕು, ಮೊಟ್ಟೆ ಅಂಚಿಗೆ ಅಂಟ್ಕೊಂಡಿರುತ್ತೆ, ಒಣಗಿದ್ರೂ ತಿಂಗಳುಗಟ್ಟಲೆ ಸಾಯಲ್ಲ' ಅಂದರು. ನಾರು ತಗೊಂಡು ಉಜ್ಜಿದೆ. ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ಏಳೆಂಟು ದಿನ ಸಾಕಾದ್ದರಿಂದ ಪ್ರತಿ ಭಾನುವಾರ ಬೆಳಗ್ಗೆ ಫ್ರಿಜ್ಜು ಎಳೆಯೋದು ನನ್ನ ಪಾಲಿನ ಕೆಲಸ ಅಂತ ಅಮ್ಮ ನಿಗದಿ ಮಾಡಿದ್ದಾರೆ. ಆರ್ಡುಯಿನೋವನ್ನ ಬಿಸಾಕಿಲ್ಲ. ಈಗ ಅದು ಭಾನುವಾರ ಎಂಟು ಗಂಟೆಗೆ 'ಟ್ರೇ' ಅಂತ ಮೊಬೈಲಿಗೆ ಮೆಸೇಜ್ ಕಳಿಸುತ್ತೆ. ಅದು ಬರೋ ಹೊತ್ತಿಗೆ ಅಮ್ಮ ಎರಡು ಸಲ ಕೂಗಿರ್ತಾರೆ.